ಹೊಸ್ತಿಲು ದಾಟಲು ಎರಡೂವರೆ ಪುಟ

ಪಾರ್ಕಿನ್ಸನ್ ಎಂಬ ಕೈಕಾಲು ನಡುಗಿಸುವ ಕಾಯಿಲೆ ಇರುವ ಮೇಷ್ಟ್ರ ಬಗ್ಗೆ ನಾನು ಬರೆದ ಕತೆ ಅಂತೂ ಅಚ್ಚಾಯಿತು. "ಇದರಲ್ಲಿ ಏನೂ ನಡೆಯೋದೇ ಇಲ್ವಲ್ಲ ಮಾರಾಯ" ಎಂದಿದ್ದವರೇ ಈಗ ಫೋನು ಮಾಡಿ ಹೇಗೆ ಬರೆದೆ ಅಂತ ಕೇಳುತ್ತಿದ್ದಾರೆ.

ಐದಾರು ವರ್ಷ ಹಿಡಿಯಿತು, ಏಳೋ ಎಂಟೋ ಕರಡು. ಮೊದಮೊದಲು ಪುಟಕ್ಕೆ ನಾಲ್ಕು ಸಲ ಮೇಷ್ಟ್ರ ಕೈ ನಡುಗುತ್ತಿತ್ತು, ಕಾಫಿ ಚೆಲ್ಲುತ್ತಿತ್ತು, ಕೊನೆಗೆ ಅವರನ್ನು ಸಾಯಿಸುತ್ತಿದ್ದೆ. ಮೂರು ಸ್ಪರ್ಧೆಗಳಲ್ಲಿ ಮಣ್ಣು ಮುಕ್ಕಿತು. ಡಿಟಿಪಿ, ಪ್ರವೇಶ ಶುಲ್ಕ, ಕೊರಿಯರ್ ಅಂತ ನಾಲ್ಕು ಸಾವಿರದ ಹತ್ತಿರ ಹೋಗಿರಬೇಕು. ಬಂದ ಸಂಭಾವನೆ 1500.

ರಷ್ಯದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿಯನ್ನು ಮತ್ತೆ ಓದುವಾಗ ಎಡವಟ್ಟು ಹೊಳೆಯಿತು. ಅವನಿಗೇ ಮೂರ್ಛೆರೋಗವಿತ್ತು. 'ದಿ ಈಡಿಯಟ್'ನಲ್ಲಿ ಚಾಕು ಎತ್ತಿದವನ ಎದುರೇ ನಾಯಕ ಮಿಶ್ಕಿನ್ ಮೂರ್ಛೆ ಹೋಗುತ್ತಾನೆ, ಅದರಿಂದಲೇ ಜೀವ ಉಳಿಯುತ್ತದೆ. ಮೂರ್ಛೆ ಕತೆಗೆ ತಿರುವು ಕೊಡುತ್ತೆ. ಪಾರ್ಕಿನ್ಸನ್ ಎಲ್ಲಿ ಕೊಡುತ್ತೆ? ಇವತ್ತೂ ಇರುತ್ತೆ, ನಾಳೆಯೂ ಇರುತ್ತೆ.

ತಿಂಗಳು, ವರ್ಷ ಎಲ್ಲ ಕಿತ್ತುಹಾಕಿದೆ. ಒಂದೇ ದಿನ, ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆಯ ನಾಲ್ಕು ಹೊತ್ತು. ಮಾತ್ರೆ ಹತ್ತಿದಾಗ ವಾಕ್ಯ ಓಡಬೇಕು, ಇಳಿದಾಗ ತೆವಳಬೇಕು. ನಮ್ಮ ಮಾವನವರಿಗೂ ಇದೇ ಕಾಯಿಲೆ. ನಡುಮನೆಯಲ್ಲಿ ಸಲೀಸಾಗಿ ಬಂದವರು ಹೊಸ್ತಿಲ ಹತ್ತಿರ ಅಂಟಿಕೊಂಡಂತೆ ನಿಂತುಬಿಡುತ್ತಾರೆ. ಅತ್ತೆ ರಂಗೋಲಿಪುಡಿಯಲ್ಲಿ ಹೆಜ್ಜೆಗೊಂದರಂತೆ ನಾಲ್ಕು ಅಡ್ಡಗೆರೆ ಎಳೆದರು. ಗೆರೆ ಕಂಡದ್ದೇ ತಡ, ಕೆಸರು ದಾಟುವವರ ಹಾಗೆ ಕಾಲೆತ್ತಿ ಒಂದೊಂದೇ ದಾಟಿ ಆಚೆ ಹೋದರು! ಕತೆಯಲ್ಲಿ ಇದಕ್ಕೇ ಎರಡೂವರೆ ಪುಟ. ಹೊಗಳಿಕೊಂಡೆ ಅನ್ನಿ ಬೇಕಾದರೆ, ಕನ್ನಡದಲ್ಲಿ ಹೊಸ್ತಿಲನ್ನು ಇಷ್ಟು ನಿಧಾನವಾಗಿ ಯಾರೂ ದಾಟಿಸಿರಲಿಕ್ಕಿಲ್ಲ.

ಕೈಬರಹದ ಅಕ್ಷರ ಚಿಕ್ಕದಾಗುತ್ತ ಹೋಗುವ ಕಾಯಿಲೆಯಲ್ಲವೇ, ಅಚ್ಚಿನಲ್ಲೂ ಅಕ್ಷರ ಕುಗ್ಗಿಸಿ ನೋಡಿದೆ. ಡಿಟಿಪಿ ಹುಡುಗ ಯಾರದೋ ತಪ್ಪು ಅಂದುಕೊಂಡು ಎಲ್ಲ ಒಂದೇ ಸಮ ಮಾಡಿಟ್ಟ, ಮುನ್ನೂರು ರೂಪಾಯಿ ದಂಡ. ನಸುಗುನ್ನಿ ಬೀಜದಲ್ಲೂ ಲೆವೊಡೋಪಾ ಇದೆಯೆಂದು ಒಬ್ಬ ನಾಟಿವೈದ್ಯನನ್ನು ಕತೆಯೊಳಗೆ ತಂದೆ. ಆಸಾಮಿ ನಾಲ್ಕು ಪುಟ ಭಾಷಣ ಬಿಗಿದ. ವಾಪಸು ಕಳಿಸಿದೆ.

ಇನ್ನೊಂದಿದೆ. ನಡುಕಕ್ಕೂ ಎಷ್ಟೋ ಮೊದಲು, ಮೊದಲ ಪುಟದಲ್ಲೇ ರೋಗದ ಸುಳಿವು ಇಟ್ಟಿದ್ದೇನೆ. ಎಲ್ಲಿ ಅಂತ ಹೇಳಲ್ಲ, ಮೂಗಿರುವವರು ಹುಡುಕಿಕೊಳ್ಳಿ.

ಅಚ್ಚಾದ ಮೇಲೆ ಮಾವನವರಿಗೆ ಓದಿ ಹೇಳಿದೆ. ಮುಖದಲ್ಲಿ ಏನೂ ಕಾಣಿಸಲಿಲ್ಲ, ಆ ಮುಖದಲ್ಲಿ ಈಗ ಏನೂ ಕಾಣಿಸುವುದಿಲ್ಲ. ಸುಮಾರು ಹೊತ್ತು ಬಿಟ್ಟು, "ಮಧ್ಯಾಹ್ನದ ಮಾತ್ರೆ ಮೊಸರನ್ನದ ಜೊತೆ ಕೊಟ್ಟಿದೀಯಲ್ಲೋ, ಹತ್ತುತ್ತೇನು?" ಅಂದರು. ಹೌದಲ್ಲ, ಮೊಸರಿನ ಪ್ರೋಟೀನು ಆ ಮಾತ್ರೆಯನ್ನು ಸರಿಯಾಗಿ ಹತ್ತಲು ಬಿಡೋದಿಲ್ಲ. ಮುಂದಿನ ಮುದ್ರಣವೇನಾದರೂ ಆದರೆ ಊಟವನ್ನು ಒಂದು ಗಂಟೆ ಮುಂದಕ್ಕೆ ಹಾಕಬೇಕು.