ಸದ್ದು ನಿಲ್ಲುವವರೆಗೆ ಅರೆಯುವುದು

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ 26 ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಎಷ್ಟು ಚೀಲ ನೆಲ್ಲು ಒಳಗೆ ಬಂತು, ಎಷ್ಟು ಅಕ್ಕಿ, ಎಷ್ಟು ನುಚ್ಚು, ಎಷ್ಟು ತೌಡು ಹೊರಗೆ ಹೋಯಿತು, ಇದೇ ನನ್ನ ದಿನ. ಕವಿತೆಯ ಹುಚ್ಚು ಕಾಲೇಜಿನಿಂದಲೂ ಇತ್ತು. ಚಿತ್ರ ಕೈಗೆ ಹತ್ತಿದ್ದು 44ನೇ ವಯಸ್ಸಿಗೆ. ಎರಡೂ ಒಂದೇ ನೋಟ್‌ಬುಕ್ಕಿಗೆ ಬಂದ ಮೇಲೆ ನನಗೆ ನಾನೇ ಬೇರೆ ಥರ ಕಾಣತೊಡಗಿದೆ. ಅದು ಹೇಗಾಯಿತು ಅನ್ನುವುದನ್ನು ಬರೆಯುತ್ತಿದ್ದೇನೆ.

ಮೊದಲಿನ ಕವಿತೆಗಳ ಮಾತು ಹೇಳಿಬಿಡುತ್ತೇನೆ. ಒಂದು ಸಲ ಹಳೆಯ ಹಾಳೆಗಳನ್ನೆಲ್ಲ ಹರಡಿಕೊಂಡು ಕೂತಾಗ ಲೆಕ್ಕದವನ ಅಭ್ಯಾಸದಂತೆ ಎಣಿಸಿದೆ. 30 ಕವಿತೆಗಳಲ್ಲಿ ‘ಕಡಲು’ 17 ಸಲ ಬಂದಿತ್ತು. ಅಲ್ಲಿಯವರೆಗೆ ನಾನು ಕಡಲನ್ನು ಕಣ್ಣಾರೆ ನೋಡಿದವನೇ ಅಲ್ಲ. ನೋಡಿದ್ದು ತುಂಗಭದ್ರೆ, ಎಡದಂಡೆ ಕಾಲುವೆ, ಅದರ ನೀರು ನಿಂತ ಗದ್ದೆ. ಅವ್ಯಾವೂ ಒಂದು ಸಾಲಿನಲ್ಲೂ ಇರಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆ ದಿನಗಳಲ್ಲೇ ಗೆಳೆಯರ ಜೊತೆ ಹಿರೇಬೆಣಕಲ್ಲಿನ ಬೆಟ್ಟ ಹತ್ತಿದೆ. ನಮ್ಮ ಕಡೆಯವರು ಅದನ್ನು ಮೋರೇರ ಗುಡ್ಡ ಅನ್ನುತ್ತಾರೆ. ಸುಮಾರು 400 ಕಲ್ಗೋರಿಗಳು ಅಲ್ಲಿವೆ. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ ಕಟ್ಟಿದವು. ಎರಡು ಸಾವಿರ ವರ್ಷಕ್ಕೂ ಹಿಂದಿನವು. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೋರಿಗಳಲ್ಲ, ಬಂಡೆಯ ಮರೆಯಲ್ಲಿ ಕೆಂಪು ಬಣ್ಣದಲ್ಲಿ ಬರೆದ ಮನುಷ್ಯರು, ದನ, ಜಿಂಕೆ. ಬರೆದವನು ತನ್ನ ಸುತ್ತ ಇದ್ದದ್ದನ್ನೇ ಬರೆದಿದ್ದ, ಕಾಲಡಿ ಸಿಕ್ಕ ಬಣ್ಣದಿಂದಲೇ ಬರೆದಿದ್ದ. ಮಣ್ಣಿನ ಕೆಂಪು ಅಂದರೆ ಕಬ್ಬಿಣದ ತುಕ್ಕು. ಬಿಸಿಲಿಗೆ ಅದು ಮಾಸುವುದಿಲ್ಲ. ಇಳಿದು ಬರುವಾಗ ನಾನೂ ಹೀಗೆಯೇ ಶುರು ಮಾಡಬೇಕು ಅಂದುಕೊಂಡೆ. ಗುಡ್ಡದಿಂದ ಒಂದು ಹರಳನ್ನೂ ತರಲಿಲ್ಲ, ಯಾರೂ ತರಬಾರದು. ಊರ ಹೊರಗೆ ಗೆಳೆಯನ ಹೊಲದ ಬದುವಿನಿಂದ ಎರಡು ಬೊಗಸೆ ಕೆಮ್ಮಣ್ಣು ತಂದೆ.

ಮಣ್ಣು ಸುಮ್ಮನೆ ಬಣ್ಣವಾಗುವುದಿಲ್ಲ. ಬಕೆಟ್ಟಿನಲ್ಲಿ ನೀರು ಹಾಕಿ ಚೆನ್ನಾಗಿ ಕಲಕಬೇಕು. ಅರ್ಧ ನಿಮಿಷ ಬಿಟ್ಟರೆ ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನಷ್ಟೇ ಮತ್ತೊಂದು ಪಾತ್ರೆಗೆ ಬಗ್ಗಿಸಬೇಕು. ಹೀಗೆ ಮೂರು ಸಲ. ಕೊನೆಯ ನೀರು ರಾತ್ರಿಯಿಡೀ ಅಲುಗದೆ ಇದ್ದರೆ ಬೆಳಗ್ಗೆ ತಳದಲ್ಲಿ ಬೆಣ್ಣೆಯಂಥ ಕೆಸರು ಸಿಗುತ್ತದೆ. ತಿಳಿ ಚೆಲ್ಲಿ ಅದನ್ನು ಬಿಸಿಲಿಗೆ ಒಣಗಿಸಿ ಪುಡಿ ಮಾಡುತ್ತೇನೆ. ಎರಡು ಬೊಗಸೆ ಮಣ್ಣಿಗೆ ನನಗೆ ಸಿಕ್ಕಿದ್ದು ಒಂದು ಚಹಾ ಕಪ್ಪಿನಷ್ಟು ಪುಡಿ.

ಇನ್ನು ಅಂಟು. ಅಂಟಿನುಂಡಿಗೆ ಹಾಕುವ ಜಾಲಿ ಅಂಟು ಇದೆಯಲ್ಲ, ಅದೇ. ಒಂದು ಪಾಲು ಅಂಟಿಗೆ ಎರಡು ಪಾಲು ಬೆಚ್ಚಗಿನ ನೀರು ಹಾಕಿ ರಾತ್ರಿ ನೆನೆಸಿ, ಬೆಳಗ್ಗೆ ತೆಳು ಬಟ್ಟೆಯಲ್ಲಿ ಸೋಸಬೇಕು. ಬಣ್ಣ ಒಣಗಿ ಸೀಳದಿರಲು ನಾಲ್ಕು ಹನಿ ಜೇನುತುಪ್ಪ, ಬೂಸು ಹಿಡಿಯದಂತೆ ಒಂದು ಲವಂಗ. ನಮ್ಮ ಮನೆಯಾಕಿ ಡಬ್ಬಿ ಖಾಲಿಯಾದದ್ದು ನೋಡಿ, “ಬಾಣಂತ್ಯಾರಿಗೆ ತಿನ್ನಸೂ ಅಂಟು ನೀವು ಮಣ್ಣಿಗೆ ತಿನ್ನಸಾಕತ್ತೀರಲ್ರೀ” ಅಂದಳು. ಮರುದಿನ ತಾನೇ ಗ್ರಂದಿಗೆ ಅಂಗಡಿಯಿಂದ ಕಾಲು ಕೆಜಿ ತಂದಿಟ್ಟಳು.

ಅರೆಯುವುದೇ ನಿಜವಾದ ಕೆಲಸ. ನಯವಾದ ಗ್ರಾನೈಟ್ ತುಂಡಿನ ಮೇಲೆ ಪುಡಿ ಹಾಕಿ, ನಡುವೆ ಗುಳಿ ಮಾಡಿ ಅಂಟಿನ ನೀರು ಬಿಟ್ಟು, ದಪ್ಪ ತಳದ ಗಾಜಿನ ಲೋಟದಿಂದ ಸುತ್ತ ಸುತ್ತ ಅರೆಯುತ್ತೇನೆ. ಮೊದಮೊದಲು ಕರ್ ಕರ್ ಅನ್ನುತ್ತದೆ. ಹತ್ತು ನಿಮಿಷಕ್ಕೆ ಅದು ಸರ್ ಸರ್ ಆಗುತ್ತದೆ. ಇನ್ನೂ ಅರೆಯಬೇಕು. ಇಪ್ಪತ್ತು, ಕೆಲವು ಸಲ ಮೂವತ್ತು ನಿಮಿಷಕ್ಕೆ ಸದ್ದು ಪೂರ್ತಿ ನಿಂತುಬಿಡುತ್ತದೆ. ಲೋಟ ಕಲ್ಲಿಗೆ ಹಿಡಿದಂತೆ ಜಾರುತ್ತದೆ. ಆಗ ಬಣ್ಣ ಆಯಿತು ಅಂತ ಅರ್ಥ. ಮಿಲ್ಲಿನ ಗದ್ದಲದಲ್ಲಿ ಇಡೀ ದಿನ ಕಳೆಯುವ ನನಗೆ ಆ ಸದ್ದು ನಿಲ್ಲುವ ಗಳಿಗೆ ಪೂಜೆಗೆ ಕೂತಷ್ಟೇ ಸಮಾಧಾನ ಕೊಡುತ್ತದೆ.

ಎರೆ ಮಣ್ಣಿನಿಂದ ಕಪ್ಪು ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಮಾಸಲು ಬೂದು. ಅದೂ ಒಣಗಿದ ಮೇಲೆ, ಬೇಸಿಗೆಯಲ್ಲಿ ಹೊಲ ಬಿರಿಯುವಂತೆಯೇ ಹಾಳೆಯ ಮೇಲೂ ಬಿರಿಯಿತು. ಕಪ್ಪಿಗೆ ದೀಪದ ಕಾಡಿಗೆಯೇ ಸರಿ. ಅದು ನೀರಿನಲ್ಲಿ ಬೆರೆಯದೆ ತೇಲುತ್ತದೆ, ಎರಡು ಹನಿ ಸ್ಪಿರಿಟ್ ಹಾಕಿದರೆ ಮಾತು ಕೇಳುತ್ತದೆ. ಹಸಿರು ಮತ್ತು ನೀಲಿಯನ್ನು ಅಂಗಡಿಯಿಂದಲೇ ತರುತ್ತೇನೆ.

ನೋಟ್‌ಬುಕ್ಕಿಗೆ ಜಮಾ–ಖರ್ಚಿನ ಕ್ರಮವನ್ನೇ ಇಟ್ಟುಕೊಂಡೆ. ಎಡ ಪುಟಕ್ಕೆ ಚಿತ್ರ, ಬಲ ಪುಟಕ್ಕೆ ಸಾಲು. ಬೆಳಗಿನ ಐದೂವರೆಯಿಂದ ಆರೂಕಾಲು ನನ್ನ ಹೊತ್ತು. ಕಟ್ಟಳೆ ಒಂದೇ: ಎಡ ಪುಟದಲ್ಲಿ ಬರೆಯುವಾಗ ಕಣ್ಣಿಗೆ ಬೀಳದ್ದು ಬಲ ಪುಟಕ್ಕೆ ಬರಕೂಡದು. ಇದರಿಂದ ಮೊದಲ ಎರಡು ತಿಂಗಳು ಒಂದು ಸಾಲೂ ಹುಟ್ಟಲಿಲ್ಲ. ಬಲ ಪುಟಗಳು ಬಿಳಿಯಾಗಿಯೇ ಉಳಿದವು, ನಾನೂ ಉಳಿಯಗೊಟ್ಟೆ.

ಮೊದಲ ಸಾಲು ಬಂದದ್ದು ಹಮಾಲರು ಚೀಲ ಎತ್ತುವ ಹುಕ್ಕಿನಿಂದ. ಅಮಾಸಿಗೆ ನಮ್ಮ ಮಿಲ್ಲು ಬಂದ್. ಅಂಥದೊಂದು ದಿನ ಬೀಗದ ಕೈ ಕೊಡಲು ಹೋದವನು, ಗೋಡೆಯ ಮೊಳೆಗೆ ತೂಗುಹಾಕಿದ್ದ ಹುಕ್ಕನ್ನು ಬರೆಯುತ್ತ ಕೂತೆ. ಕಬ್ಬಿಣದ ಬಾಗು ಬರೆದು ಹಿಡಿಕೆಗೆ ಬಂದಾಗ ಬಣ್ಣ ಹೊಂದಲೇ ಇಲ್ಲ. ಎದ್ದು ಹತ್ತಿರ ಹೋಗಿ ನೋಡಿದರೆ ಮರದ ಹಿಡಿಕೆಯ ಒಂದು ಮಗ್ಗುಲು ಮಾತ್ರ ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು. ಇನ್ನೊಂದು ಮಗ್ಗುಲು ಒಣಗಿ ಒರಟಾಗಿತ್ತು. 26 ವರ್ಷ ಆ ಚೀಲಗಳನ್ನು ಎಣಿಸಿದವನು ನಾನು, ಆ ಹಿಡಿಕೆಯನ್ನು ನೋಡಿಯೇ ಇರಲಿಲ್ಲ. ಅವತ್ತು ಬರೆದದ್ದು ಇಷ್ಟು:

ಮೊಳೆಗೆ ಜೋತ ಹುಕ್ಕು,
ಅಮಾಸಿ ಸೂಟಿ.
ಹಿಡಿಕಿ ಅಷ್ಟ ಹೊಳೀತದ,
ಬೆವರು ತಿಕ್ಕಿದ ಕಡೆ.

ಮನೆಯ ಮಾತಿನಲ್ಲಿ ಬರೆದದ್ದು ಅದೇ ಮೊದಲು. ಅದುವರೆಗೆ ಪುಸ್ತಕದ ಕನ್ನಡವೇ ಕವಿತೆಗೆ ತಕ್ಕದ್ದು ಅನ್ನುವ ಅಂಜಿಕೆ ಇತ್ತು. 9ನೇ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆ ನಮ್ಮ ಕೊಪ್ಪಳವನ್ನು, ಅಂದಿನ ಕೊಪಣನಗರವನ್ನು ಹೆಸರಿಸುತ್ತದೆ. ಇಂಥ ನೆಲದಲ್ಲಿ ಹುಟ್ಟಿ ನನ್ನ ಮಾತಿಗೆ ನಾನೇ ನಾಚಿದೆನಲ್ಲ ಅನ್ನುವ ನೋವು ನನಗೆ ಇವತ್ತಿಗೂ ಇದೆ.

ಅಮಾಸಿ ರಜೆಗೆ ಇನ್ನೊಂದು ಕೆಲಸ ಅಂಟಿಕೊಂಡಿತು. ಆ ದಿನ ಹೊಸದೇನೂ ಬರೆಯುವುದಿಲ್ಲ, ತಿಂಗಳ ಪುಟಗಳನ್ನು ಓದುತ್ತೇನೆ. ತಿದ್ದುವುದಿಲ್ಲ, ಹರಿಯುವುದಿಲ್ಲ. ವರ್ಷದ ಕೊನೆಗೆ ಖಾತೆ ತಾಳೆ ನೋಡುವಂತೆ, ಏನು ಬಂದಿದೆ, ಏನು ಬಂದಿಲ್ಲ ಅಂತ ಪೆನ್ಸಿಲ್ಲಿನಲ್ಲಿ ಅಂಚಿಗೆ ಗುರುತು ಹಾಕುತ್ತೇನೆ. ಐದನೆಯ ಅಮಾಸಿಗೆ ಓದುತ್ತಿದ್ದಾಗ ತಾಳೆ ತಪ್ಪಿದ್ದು ಕಂಡಿತು. ತಕ್ಕಡಿ, ಚೀಲ, ಲಾರಿಯ ಗಾಲಿ, ಕಾಲುವೆಯ ತೂಬು, ಮಿಲ್ಲಿನ ಮುಂದಿನ ಬೇವು ಎಲ್ಲ ಇದ್ದವು. ಮನೆಯ ಒಂದು ವಸ್ತುವೂ ಇರಲಿಲ್ಲ.

ಯಾಕೆ ಅಂತ ನನಗೆ ಗೊತ್ತಿತ್ತು. ಓದು ಮುಗಿಸಿದ ಮಗ ಮಿಲ್ಲಿನ ಕೆಲಸ ಬೇಡ ಅಂತ ಬೆಂಗಳೂರಿಗೆ ಹೊರಟ ದಿನ ನಾನು ಆಡಬಾರದ ಮಾತು ಆಡಿದ್ದೆ. ಆಮೇಲೆ ಅವನ ಫೋನು ಬಂದರೆ ತಾಯಿಗೆ ಕೊಡುತ್ತಿದ್ದೆ. ಹಿತ್ತಲಿಗೆ ಹೋದರೆ ಅವನ ಸೈಕಲ್ಲು ಕಾಣುತ್ತದೆ ಅಂತ ಹಿತ್ತಲಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದೆ. ಇದನ್ನು ಯಾರೂ ನನಗೆ ಹೇಳಲಿಲ್ಲ. ಖಾಲಿ ಉಳಿದ ಪುಟಗಳು ಹೇಳಿದವು.

ಮರುದಿನ ಹಿತ್ತಲಲ್ಲಿ ಮಣೆ ಹಾಕಿಕೊಂಡು ಕೂತೆ. ಆ ಸೈಕಲ್ಲನ್ನು ಒಂಬತ್ತು ಬೆಳಗು ಬರೆದೆ. ತುಕ್ಕಿಗೆ ಬೇರೆ ಬಣ್ಣ ಬೇಕಾಗಲಿಲ್ಲ, ಕೆಮ್ಮಣ್ಣು ತಾನಾಗಿ ಹೊಂದಿತು. ಬಲ ಪುಟಕ್ಕೆ ಏನೂ ಬರೆಯಲಾಗಲಿಲ್ಲ. ಒಂಬತ್ತನೆಯ ದಿನ ರಾತ್ರಿ ನಾನೇ ಫೋನ್ ಮಾಡಿದೆ. ಉಂಡೆಯಾ, ಅಲ್ಲಿ ಮಳೆಯೇನು, ಇಷ್ಟೇ ಮಾತು.

ಯುಗಾದಿಗೆ ಬಂದವನು ನೋಟ್‌ಬುಕ್ ತಿರುವಿ ಆ ಪುಟಕ್ಕೆ ನಿಂತ. ಬಹಳ ಹೊತ್ತು ನೋಡಿ, “ಅಪ್ಪಾ, ಬೆಲ್ಲು ಬರದಿಲ್ಲಲ್ಲ. ಎಡಗಡೆ ಇತ್ತು. ಏಳನೇತ್ತ್ಯಾಗ ಇದ್ದಾಗ ನೀನ ಹಾಕಿಸಿಕೊಟ್ಟಿದ್ದಿ” ಅಂದ. ನನಗದು ನೆನಪಿರಲಿಲ್ಲ. ಹಿತ್ತಲಿಗೆ ಹೋಗಿ ನೋಡಿದೆವು. ಬೆಲ್ಲು ಬಿದ್ದುಹೋಗಿತ್ತು, ಹ್ಯಾಂಡಲಿನ ಮೇಲೆ ಅದನ್ನು ಬಿಗಿದ ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು.

ಬಣ್ಣ ಮುಗಿದಿತ್ತು. ಕಲ್ಲು ತೊಳೆದು ಪುಡಿ ಹಾಕಿದೆ. ಲೋಟವನ್ನು ಅವನೇ ಇಸಿದುಕೊಂಡ. ಸ್ವಲ್ಪ ಹೊತ್ತಿಗೆ ಕೈ ನೋಯಿತೇನೋ, “ಸಾಕೇನಪ್ಪಾ?” ಅಂದ.

“ಇನ್ನೂ ಸದ್ದು ಐತಿ ನೋಡು” ಅಂದೆ.

ಅವನು ತಲೆ ಬಗ್ಗಿಸಿ, ಕಿವಿಗೊಟ್ಟು ಅರೆಯುತ್ತಲೇ ಇದ್ದ.