ಚಾರ್ಟ್ ಸರಳ ಮಾಡಿ ಅಂದಾಗ ನಾನು ಏನು ಬಿಡುತ್ತೇನೆ, ಏನು ಬಿಡುವುದಿಲ್ಲ

ಬೆಂಗಳೂರಿನ ಒಂದು ರೀಟೇಲ್ ಕಂಪನಿಯಲ್ಲಿ ತಿಂಗಳ ಮಾರಾಟದ ರಿವ್ಯೂಗೆ ಸ್ಲೈಡ್ ಮಾಡುವುದು ನನ್ನ ಕೆಲಸ. ಒಂದು ಸ್ಲೈಡನ್ನು ಯಾರೂ ಜಾಸ್ತಿ ಹೊತ್ತು ನೋಡುವುದಿಲ್ಲ. ಹಾಗಾಗಿ ಕತ್ತರಿ ಹಾಕಲೇಬೇಕು. ಗ್ರಿಡ್ ಗೆರೆ, ನೆರಳು, ಪೈಸೆ ಲೆಕ್ಕ ಎಲ್ಲ ಯೋಚಿಸದೆ ತೆಗೆಯುತ್ತೇನೆ. ತ್ರೀ-ಡಿ ಪೈ ಚಾರ್ಟಂತೂ ಮುಂದಿರುವ ತುಂಡನ್ನು ಸುಮ್ನೆ ದೊಡ್ಡದಾಗಿ ತೋರಿಸುತ್ತದೆ. ಅದನ್ನು ತೆಗೆದರೆ ನಷ್ಟವೇ ಇಲ್ಲ.

ತಲೆನೋವು ಶುರುವಾಗುವುದು ಹಬ್ಬದ ಸೀಸನ್ನಿನಲ್ಲಿ.

2023ರಲ್ಲಿ ದೀಪಾವಳಿ ನವೆಂಬರ್ 12ಕ್ಕೆ ಶುರುವಾಯಿತು. 2024ರಲ್ಲಿ ಅಕ್ಟೋಬರ್ 31ಕ್ಕೇ ನರಕ ಚತುರ್ದಶಿ. ಜನ ಕೊಳ್ಳುವುದು ಹಬ್ಬಕ್ಕೆ ಮುಂಚೆ. ಹಾಗಾಗಿ 2024ರಲ್ಲಿ ಹಬ್ಬದ ವ್ಯಾಪಾರವೆಲ್ಲ ಅಕ್ಟೋಬರಿಗೇ ಬಂದುಬಿಟ್ಟಿತು. ಹೋದ ವರ್ಷದ ಅಕ್ಟೋಬರ್, ಈ ವರ್ಷದ ಅಕ್ಟೋಬರ್ ಅಂತ ಎರಡು ಕಂಬ ನಿಲ್ಲಿಸಿದರೆ ಬೆಳವಣಿಗೆ ಭರ್ಜರಿ! ಒಂದು ಅಂಕಿಯೂ ಸುಳ್ಳಲ್ಲ. ಸೇಲ್ಸ್ ತಂಡಕ್ಕೆ ಅದೇ ಬೇಕಿತ್ತು. "ಹಬ್ಬ-ಗಿಬ್ಬ ಎಲ್ಲ ಯಾಕೆ, ಸಿಂಪಲ್ಲಾಗಿರಲಿ" ಅಂದರು.

ಇಂಥ ಕಡೆ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಬಿಟ್ಟದ್ದನ್ನು ಮತ್ತೆ ಸೇರಿಸಿದರೆ ಎದುರಿಗೆ ಕೂತವರ ತೀರ್ಮಾನ ಬದಲಾಗುತ್ತದಾ? ಇಲ್ಲಿ ಖಂಡಿತ ಬದಲಾಗುತ್ತಿತ್ತು. ಮುಂದಿನ ತಿಂಗಳಿಗೆ ಎಷ್ಟು ಸ್ಟಾಕ್ ತರಿಸಬೇಕು ಅನ್ನುವುದು ಆ ಕಂಬ ನೋಡಿಯೇ ನಿಗದಿಯಾಗುವುದು.

ನಾನು ತಿಂಗಳನ್ನು ಬಿಟ್ಟು ಹಬ್ಬಕ್ಕೆ ಮುಂಚಿನ ನಾಲ್ಕು ವಾರ ಹಿಡಿದೆ. 2023ಕ್ಕೆ ಅಕ್ಟೋಬರ್ 15ರಿಂದ, 2024ಕ್ಕೆ ಅಕ್ಟೋಬರ್ 3ರಿಂದ. ದಸರಾನೂ ಎರಡೂ ವರ್ಷ ಅದರೊಳಗೇ ಬಂತು. ಚಾರ್ಟಿನಲ್ಲಿ ಆಗಲೂ ಇದ್ದದ್ದು ಎರಡೇ ಕಂಬ. ಬೆಳವಣಿಗೆ ಇತ್ತು, ಆದರೆ ಸಾಧಾರಣ. ಸರಳವಾಗಿರಬೇಕು ಅಂದರೆ ಸ್ವಲ್ಪ ಮರೆಮಾಚಲೇಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಹಳ ಸಲ ಅದು ಸೋಮಾರಿತನ.

ಕಂಬದ ಚಾರ್ಟನ್ನು ಸೊನ್ನೆಯಿಂದಲೇ ಶುರು ಮಾಡುತ್ತೇನೆ. ಅಂಕಿಗಳು ಹತ್ತಿರ ಹತ್ತಿರ ಇದ್ದರೆ ಎಕ್ಸೆಲ್ ತಾನಾಗಿಯೇ ಸೊನ್ನೆ ಬಿಟ್ಟು ಮೇಲಿನಿಂದ ಶುರು ಮಾಡುತ್ತದೆ, ಅದನ್ನು ಕೈಯಾರೆ ಸರಿಪಡಿಸಬೇಕು. 92 ಮತ್ತು 95 ಲಕ್ಷದ ಕಂಬಗಳನ್ನು 90ರಿಂದ ಶುರು ಮಾಡಿದರೆ ಎರಡನೆಯದು ಎರಡೂವರೆ ಪಟ್ಟು ಎತ್ತರ ಕಾಣುತ್ತದೆ. ನಿಜವಾದ ವ್ಯತ್ಯಾಸ ಶೇಕಡಾ ಮೂರರ ಆಸುಪಾಸು. ಗೆರೆಯ ಚಾರ್ಟಿಗೆ ಮಾತ್ರ ಈ ಹಠ ಬೇಡ. ಜ್ವರದ ಚಾರ್ಟನ್ನು ಸೊನ್ನೆಯಿಂದ ಬರೆದರೆ 98ಕ್ಕೂ 103ಕ್ಕೂ ಫರಕೇ ಗೊತ್ತಾಗುವುದಿಲ್ಲ, ಅಲ್ವಾ? ಅಲ್ಲಿ ಎಲ್ಲಿಂದ ಶುರು ಅಂತ ಚಾರ್ಟಿನ ಮೇಲೇ ಬರೆದುಬಿಡುತ್ತೇನೆ. ಹಾಗೆಯೇ "200% ಬೆಳವಣಿಗೆ" ಅಂದರೆ ಪಕ್ಕದಲ್ಲಿ "5ರಿಂದ 15" ಅಂತಲೂ ಇರಬೇಕು.

ತಿಂಗಳ ಲೆಕ್ಕದ ಚಾರ್ಟನ್ನು ಎಸೆಯುವುದಿಲ್ಲ. ಕೊನೆಯ ಸ್ಲೈಡಿನ ಹಿಂದೆ ಇಟ್ಟಿರುತ್ತೇನೆ, ಕೇಳಿದವರಿಗೆ ತೋರಿಸಲು.

2025ರಲ್ಲಿ ದೀಪಾವಳಿ ಅಕ್ಟೋಬರ್ 20ಕ್ಕೆ, 2026ರಲ್ಲಿ ನವೆಂಬರ್ 8ಕ್ಕೆ. ಅಂದರೆ ಹಬ್ಬದ ಹಿಂದಿನ ವಾರದ ವ್ಯಾಪಾರ ನವೆಂಬರಿಗೆ ಹೋಗಿ 2026ರ ಅಕ್ಟೋಬರ್ ಕಂಬ ಕುಗ್ಗಿ ಕಾಣಬಹುದು. ಆಗ ನೋಡಿ, ಹಬ್ಬದ ವಾರಗಳ ಲೆಕ್ಕ ಹಾಕಿಕೊಡಿ ಅಂತ ಸೇಲ್ಸ್ ತಂಡದವರೇ ಬರುತ್ತಾರೆ.