ಸವಾಯಿಗೆ ಹೋಗುವುದಿದ್ದರೆ ಮಧ್ಯಾಹ್ನವೇ ಹೋಗಿ

ಡಿಸೆಂಬರ್ ಹತ್ತಿರ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಕಡೆ ಸಂಗೀತದ ಹುಚ್ಚಿರುವವರು ಒಬ್ಬರಿಗೊಬ್ಬರು ಕೇಳುವುದು ಒಂದೇ ಮಾತು. "ಈ ಸಲ ಪುಣೆಕ್ಕ ಹೊಂಟೀರೇನ್ರೀ?" ಅಲ್ಲಿ ಡಿಸೆಂಬರಿನಲ್ಲಿ ನಡೆಯುವ ಹಿಂದೂಸ್ತಾನಿ ಸಂಗೀತೋತ್ಸವಕ್ಕೆ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ಎಂದು ಪೂರ್ತಿ ಹೆಸರು ಹೇಳುವವರು ಕಡಿಮೆ. ಅಲ್ಲಿಯವರಿಗೂ ನಮಗೂ ಅದು ಬರೀ ಸವಾಯಿ. ನಾನು ಬಹಳ ವರ್ಷಗಳಿಂದ ಹೋಗುತ್ತಿದ್ದೇನೆ. ಹೊಸಬರು ಬಂದು ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ: ಮಧ್ಯಾಹ್ನದ ಮೊದಲ ಗಾಯನಕ್ಕೇ ಹೋಗಿ ಕೂತುಕೊಳ್ಳಿ.

ಯಾಕೆ ಅಂತ ಹೇಳುತ್ತೇನೆ. ಮೊದಲೆಲ್ಲ ಈ ಉತ್ಸವ ರಾತ್ರಿಯಿಡೀ ನಡೆಯುತ್ತಿತ್ತು. ರಮಣಬಾಗ್ ಶಾಲೆಯ ಮೈದಾನದಲ್ಲಿ ಜನ ಕಂಬಳಿ ಹೊದ್ದುಕೊಂಡು ಬೆಳಗಿನ ತನಕ ಕೂರುತ್ತಿದ್ದರು. ಆಮೇಲೆ ರಾತ್ರಿ 10 ಗಂಟೆಗೆ ಧ್ವನಿವರ್ಧಕ ನಿಲ್ಲಬೇಕು ಎಂಬ ನಿಯಮ ಬಂತು. ಈಗ ಜಾಗವೂ ಬೇರೆ. 2018ರಿಂದ ಮುಕುಂದನಗರದ ಮಹಾರಾಷ್ಟ್ರೀಯ ಮಂಡಳದ ಮೈದಾನದಲ್ಲಿ ದೊಡ್ಡ ಪೆಂಡಾಲ್ ಹಾಕುತ್ತಾರೆ. ಐದು ದಿನ, ಮಧ್ಯಾಹ್ನ ಶುರುವಾಗಿ ರಾತ್ರಿ 10ಕ್ಕೆ ಮುಗಿಯುತ್ತದೆ. ಒಂದು ದಿನ ಮಾತ್ರ ಅನುಮತಿ ಪಡೆದು ಮಧ್ಯರಾತ್ರಿಯವರೆಗೆ ನಡೆಸುವುದುಂಟು.

ಹಳಬರಿಗೆ ಇದರ ಬಗ್ಗೆ ಬೇಸರ ಇದೆ. ನನಗೂ ಇದೆ. ಹೊರಗೆ ನಿಜವಾಗಿ ಬೆಳಕು ಹರಿಯುವಾಗ ಲಲಿತ್, ತೋಡಿಯಂಥ ಬೆಳಗಿನ ರಾಗ ಕೇಳುವ ಸುಖ ಈಗ ಅಲ್ಲಿಲ್ಲ. ಆದರೆ ಅದರ ಜಾಗದಲ್ಲಿ ಇನ್ನೊಂದು ಸಿಕ್ಕಿದೆ. ಮಧ್ಯಾಹ್ನದ ರಾಗಗಳು ಸಾಮಾನ್ಯವಾಗಿ ಕಛೇರಿಗಳಲ್ಲಿ ಸಿಗುವುದೇ ಕಷ್ಟ. ನಮ್ಮ ಕಾರ್ಯಕ್ರಮಗಳೆಲ್ಲ ಸಂಜೆ ಆರರ ಮೇಲೆ ಶುರು, ಅಲ್ವಾ? ಹಾಗಾಗಿ ಯಮನ್, ಬಿಹಾಗ್, ಬಾಗೇಶ್ರೀ ಕಿವಿಗೆ ಬೀಳುವಷ್ಟು ಪಟದೀಪ್, ಮಧುವಂತಿ, ಮುಲ್ತಾನಿ ಬೀಳುವುದಿಲ್ಲ. ಸವಾಯಿಯಲ್ಲಿ ಅವು ತಮ್ಮ ಹೊತ್ತಿಗೇ ಕೇಳಸಿಗುತ್ತವೆ. ಪೆಂಡಾಲಿನ ಬಟ್ಟೆ ದಾಟಿ ಬಿಸಿಲು ಹಳದಿಯಾಗಿ ಒಳಗೆ ಬರುತ್ತಿರುತ್ತದೆ. ಯಾರೋ ಮುಲ್ತಾನಿ ಹಾಡುತ್ತಿರುತ್ತಾರೆ. ಆರೋಹದಲ್ಲಿ ರಿಷಭ ಬಿಟ್ಟು ನಿಷಾದದಿಂದ ಷಡ್ಜ ಮುಟ್ಟಿ ನೇರ ಗಾಂಧಾರಕ್ಕೆ ಹೋಗುವಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಮುಂದಿನ ಕಲಾವಿದರು ಪೂರಿಯಾ ಧನಾಶ್ರೀ ಅಥವಾ ಮಾರವಾ ಶುರು ಮಾಡುವ ಹೊತ್ತಿಗೆ ಬೆಳಕು ಇಳಿದಿರುತ್ತದೆ. ಆಮೇಲೆ ದೀಪ ಹತ್ತುತ್ತವೆ, ಯಮನ್ ಬರುತ್ತದೆ. ಮುಚ್ಚಿದ ಏಸಿ ಸಭಾಂಗಣದಲ್ಲಿ ಎಷ್ಟೇ ಚೆನ್ನಾಗಿ ಹಾಡಿದರೂ ಇದು ಸಿಗುವುದಿಲ್ಲ. ಯಾವ ರಾಗಕ್ಕೆ ಯಾವ ಹೊತ್ತು ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅದು ಮೈಗೆ ಹತ್ತಿದ್ದು ಆ ಮೈದಾನದಲ್ಲಿ.

ಇನ್ನೊಂದು ಕಾರಣವೂ ಇದೆ. ದಿನದ ಮೊದಲ ಗಾಯನ ಹೆಚ್ಚಾಗಿ ಹೊಸ ಕಲಾವಿದರದ್ದು. ದೊಡ್ಡ ಹೆಸರಿಗಾಗಿ ಬರುವವರು ಆರು ಗಂಟೆಯ ಮೇಲೆ ಬರುತ್ತಾರೆ, ಅಲ್ಲಿಯ ತನಕ ಪೆಂಡಾಲ್ ಅರ್ಧ ಖಾಲಿ ಇರುತ್ತದೆ. ಆ ವೇದಿಕೆ ಮೇಲೆ ಕೂರುವುದು ಆ ಹುಡುಗ ಹುಡುಗಿಯರಿಗೆ ಎಷ್ಟು ದೊಡ್ಡ ಮಾತು ಅಂತ ಅವರ ಮೊದಲ ಷಡ್ಜದಲ್ಲೇ ಗೊತ್ತಾಗುತ್ತದೆ. ಅವರು ಇಡೀ ವರ್ಷದ ರಿಯಾಜ್ ತಂದು ಸುರಿಯುತ್ತಾರೆ. ನನ್ನ ವಹಿಯಲ್ಲಿ ಹೀಗೆ ಮೊದಲ ಸಲ ಹೆಸರು ಬರೆದುಕೊಂಡವರು ಕೆಲವರು ಈಗ ರಾತ್ರಿಯ ದೊಡ್ಡ ಸಮಯಕ್ಕೆ ಹಾಡುತ್ತಾರೆ. ಆ ಖುಷಿ ನನ್ನದೂ ಹೌದು.

ಹಾಂ, ವಹಿ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ರಾಗ, ತಾಳ, ಬಂದಿಶಿನ (ಹಾಡಿದ ರಚನೆಯ) ಮೊದಲ ಸಾಲು, ತಬಲಾ ಮತ್ತು ಹಾರ್ಮೋನಿಯಂ ಸಾಥ್ ಯಾರದು, ಇಷ್ಟು ಸಾಕು. ಐದು ದಿನ ಕೇಳಿದ ಮೇಲೆ ಎಲ್ಲ ಕಲಸಿಹೋಗುತ್ತದೆ. ಬರೆದುಕೊಂಡಿದ್ದರೆ ಮನೆಗೆ ಬಂದ ಮೇಲೆ ಒಂದೊಂದನ್ನೇ ಮತ್ತೆ ಹುಡುಕಿ ಕೇಳಬಹುದು. ಫೋನಿನಲ್ಲಿ ರೆಕಾರ್ಡ್ ಮಾಡುತ್ತ ಕೂರಬೇಡಿ. ಕೈ ಮೇಲೆತ್ತಿ ಹಿಡಿದರೆ ಹಿಂದಿನವರಿಗೆ ವೇದಿಕೆ ಕಾಣುವುದಿಲ್ಲ.

ಕೂರುವ ಜಾಗದ ವಿಷಯ. ಸೋಫಾ, ಕುರ್ಚಿ, ನೆಲದ ಬೈಠಕ್ ಎಂದು ಟಿಕೆಟ್ ಬೇರೆ ಬೇರೆ. ಮೊಣಕಾಲು ಒಪ್ಪುವುದಾದರೆ ಬೈಠಕ್ ತಗೊಳ್ಳಿ. ದುಡ್ಡೂ ಕಡಿಮೆ, ಕೇಳುವವರೂ ಅಲ್ಲೇ ಜಾಸ್ತಿ. ಒಳ್ಳೆಯ ತಾನ್, ಅಂದರೆ ಸ್ವರಗಳ ವೇಗದ ಓಟ, ಮುಗಿದು ತಾಳದ ಮೊದಲ ಪೆಟ್ಟಾದ ಸಮ್‌ಗೆ ಬಂದಾಗ ಸಾವಿರಾರು ಜನ ಒಟ್ಟಿಗೆ ತಲೆದೂಗುವುದನ್ನು ನೆಲದ ಮೇಲೆ ಕೂತೇ ಅನುಭವಿಸಬೇಕು. ಧ್ವನಿವರ್ಧಕದ ಪಕ್ಕ ಬೇಡ. ನಡುವೆ, ಸ್ವಲ್ಪ ಹಿಂದೆ, ಕಂಬಕ್ಕೆ ಬೆನ್ನು ಕೊಡುವಂಥ ಜಾಗ ಸಿಕ್ಕರೆ ಭಾಗ್ಯ. ಅದಕ್ಕೂ ಬೇಗ ಹೋಗಲೇಬೇಕು. ಒಂದು ದಿಂಬು, ಒಂದು ಚಾದರ, ನೀರು ತಗೊಂಡು ಹೋಗಿ. ಮಧ್ಯಾಹ್ನ ಸೆಕೆ ಅನ್ನಿಸಿದರೂ ಸ್ವೆಟರ್ ಬಿಡಬೇಡಿ. ಸೂರ್ಯ ಮುಳುಗಿದ ಮೇಲೆ ಪುಣೆಯ ಚಳಿ ನೆಲದಿಂದಲೇ ಏರುತ್ತದೆ. ಆ ಚಳಿಗೆ ತಂಬೂರಿಯ ಶ್ರುತಿ ಕೂಡ ಸರಿಯುತ್ತದೆ, ಕಲಾವಿದರು ನಡುನಡುವೆ ತಂತಿ ಸರಿ ಮಾಡಿಕೊಳ್ಳುತ್ತಾರೆ. ಆಗ ಮಾತಾಡದೆ ಕಾಯುವುದೂ ಕೇಳುಗರ ಕೆಲಸವೇ.

ಊಟ ಹಗುರ ಇರಲಿ. ಮೈದಾನದ ಅಂಚಿನ ಅಂಗಡಿಗಳಲ್ಲಿ ಸಾಬುದಾಣಿ ವಡಾ, ಥಾಲಿಪೀಠ, ಬಿಸಿ ಚಹಾ ಎಲ್ಲ ಸಿಗುತ್ತದೆ. ಎರಡು ಗಾಯನಗಳ ನಡುವೆ ಹೋದರೆ ನೂಕುನುಗ್ಗಲು. ಹಾಗಂತ ಹಾಡುತ್ತಿರುವಾಗ ಎದ್ದು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಮನೆಯಿಂದ ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುವುದೇ ನನ್ನ ರೂಢಿ.

ಬೆಳಗ್ಗೆ ಬಿಡುವಿದೆ ಅಂತ ಸುಮ್ನೆ ಊರು ಸುತ್ತಬೇಡಿ. ಶಿವಾಜಿನಗರದ ಸವಾಯಿ ಗಂಧರ್ವ ಸ್ಮಾರಕದಲ್ಲಿ ಉತ್ಸವದ ದಿನಗಳಲ್ಲಿ ಸಂಗೀತಗಾರರ ಮೇಲಿನ ಸಾಕ್ಷ್ಯಚಿತ್ರ ತೋರಿಸುತ್ತಾರೆ, ಕಲಾವಿದರ ಜೊತೆ ಮಾತುಕತೆ ಇಡುತ್ತಾರೆ. ಅದನ್ನು ಕೇಳಿ, ಊಟ ಮಾಡಿ, ಅರ್ಧ ಗಂಟೆ ಮಲಗಿ, ನಂತರ ಪೆಂಡಾಲಿಗೆ ಹೋಗಿ. ಮುಕುಂದನಗರ ಸ್ವಾರಗೇಟ್‌ಗೆ ಹತ್ತಿರ, ಉಳಿಯಲು ಆ ಕಡೆಯೇ ನೋಡಿದರೆ ರಾತ್ರಿ ಆಟೋಕ್ಕಾಗಿ ಪರದಾಡುವುದು ತಪ್ಪುತ್ತದೆ. ರೈಲಿನಲ್ಲಿ ಹೋಗುವವರಿಗೆ ದಾರಿಯಲ್ಲಿ ಮಿರಜ್ ಸಿಗುತ್ತದೆ. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ಮಣ್ಣಾದ ಊರು, ತಂಬೂರಿ ಮಾಡುವವರ ಊರು. ಒಮ್ಮೆಯಾದರೂ ಇಳಿದು ನೋಡಿ.

ಪುಣೆಯಲ್ಲಿ ನಮಗೆ ಪರಊರು ಅನ್ನಿಸುವುದೇ ಇಲ್ಲ. ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು, 1952ರಲ್ಲಿ ತೀರಿಕೊಂಡರು. ಮರುವರ್ಷವೇ ಅವರ ಪುಣ್ಯತಿಥಿಗೆ ಗದಗಿನ ಶಿಷ್ಯ ಭೀಮಸೇನ ಜೋಶಿ ಮುಂದೆ ನಿಂತು ಶುರು ಮಾಡಿದ ಉತ್ಸವ ಇದು. ಗುರುಭಗಿನಿ ಗಂಗೂಬಾಯಿ ಹಾನಗಲ್ ಬಂದು ಹಾಡಿದ ವೇದಿಕೆ. 2011ರಲ್ಲಿ ಭೀಮಸೇನರು ಹೋದ ಮೇಲೆ ಅವರ ಹೆಸರೂ ಸೇರಿತು. ಧಾರವಾಡದವರು ಅಂತ ಗೊತ್ತಾದರೆ ಪಕ್ಕದ ಅಜ್ಜ "ಧಾರವಾಡ್? ಬಸಾ, ಬಸಾ" ಎಂದು ಸರಿದು ಜಾಗ ಕೊಡುತ್ತಾರೆ. ಆಮೇಲೆ ಮಲ್ಲಿಕಾರ್ಜುನ ಮನ್ಸೂರರ ಮಾತು ತೆಗೆಯುತ್ತಾರೆ. ಬಹಳ ವರ್ಷ ಉತ್ಸವದ ಕೊನೆಗೆ ಹಾಡುತ್ತಿದ್ದ ಪ್ರಭಾ ಅತ್ರೆ 2024ರ ಜನವರಿಯಲ್ಲಿ ತೀರಿಕೊಂಡರು. ಆ ಕೊನೆಯ ಹೊತ್ತು ಬಂದರೆ ಈಗಲೂ ನನ್ನ ಕಿವಿ ಅವರ ದನಿಯನ್ನೇ ಹುಡುಕುತ್ತದೆ.

ಇನ್ನು ರಾತ್ರಿಯ ರಾಗ ರಾತ್ರಿಯೇ ಕೇಳಬೇಕು ಅನ್ನುವವರಿಗೆ ಕುಂದಗೋಳವಿದೆ. ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಲ್ಲಿನ ನಾಡಿಗೇರ ವಾಡೆಯಲ್ಲಿ ಅಹೋರಾತ್ರಿ ಗಾಯನ ನಡೆಯುತ್ತದೆ. ಪುಣೆಯ ಜನಸಾಗರ, ದೊಡ್ಡ ಪರದೆ ಅಲ್ಲಿಲ್ಲ. ದರಬಾರಿ ನಡುರಾತ್ರಿಗೆ ಬರುತ್ತದೆ. ನಾನು ಎರಡಕ್ಕೂ ಹೋಗುತ್ತೇನೆ. ಹುಬ್ಬಳ್ಳಿಯವರಿಗಂತೂ ಅದು ಪಕ್ಕದ ಊರು, ಸಂಜೆ ಊಟ ಮುಗಿಸಿ ಹೊರಟರೂ ಸಾಕು.